ಮೀನೆಣ್ಣೆ ಕ್ಯಾಪ್ಸೂಲ್ ಜಾಸ್ತಿ ಆಗ್ತಿದ್ಯಾ? ಮನೇಲೇ ಲೆಕ್ಕ ಹಾಕೋದು ಹೀಗೆ

ನಮ್ ಕೊಡಗಲ್ಲಿ ಈಗ ಎಷ್ಟೋ ಮನೆಗಳ ಊಟದ ಟೇಬಲ್ ಮೇಲೆ ಒಂದು ದೊಡ್ಡ ಡಬ್ಬ ಮೀನೆಣ್ಣೆ ಕ್ಯಾಪ್ಸೂಲ್ ಇರುತ್ತೆ, ಮಗ ದುಬೈಯಿಂದ ತಂದಿದ್ದೋ ಅಳಿಯ ಅಮೆರಿಕದಿಂದ ಕಳ್ಸಿದ್ದೋ. ಮಂಡಿ ನೋವಿಗೆ ಎರಡು, ಹಾರ್ಟಿಗೆ ಎರಡು, ಕೂದಲಿಗೆ ಇನ್ನೊಂದು ಅಂತ ನುಂಗ್ತಾರೆ, ಕೇಳಿದ್ರೆ "ಮಾತ್ರೆ ಅಲ್ವಲ್ಲ, ಮೀನು ತಾನೆ" ಅಂತಾರೆ. ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೇ ದಿನ ಮದ್ದು ಸೊಪ್ಪಿನ ಪಾಯಸ ತಿಂದು ಮೂತ್ರ ಕೆಂಪಗಾದ್ರೆ ಖುಷಿ ಪಡೋರು ನಾವು, ಆದ್ರೆ ಅದನ್ನೂ ವರ್ಷ ಪೂರ್ತಿ ಮೂರು ಹೊತ್ತು ಯಾರೂ ತಿನ್ನಲ್ಲ ಅಲ್ವಾ.

ಮೊದ್ಲು ಡಬ್ಬ ತಿರುಗಿಸಿ. ಮುಂದೆ ದಪ್ಪಕ್ಷರದಲ್ಲಿ 1000 ಎಂಜಿ ಅಂತಿರೋದು ಒಟ್ಟು ಎಣ್ಣೆ ಅಷ್ಟೇ, ನಮಗೆ ಬೇಕಾಗಿರೋದು ಹಿಂದೆ ಸಣ್ಣಕ್ಷರದಲ್ಲಿರೋ ಇಪಿಎ ಮತ್ತೆ ಡಿಎಚ್ಎ, ಅಂದ್ರೆ ಮೀನೆಣ್ಣೆಯಲ್ಲಿರೋ ಎರಡು ಒಮೆಗಾ-3 ಕೊಬ್ಬು. ಮಾಮೂಲಿ ಕ್ಯಾಪ್ಸೂಲಲ್ಲಿ 180 ಮತ್ತೆ 120, ಕೂಡಿಸಿದ್ರೆ 300. ಸ್ಟ್ರಾಂಗ್ ಅಂತ ಮಾರೋದ್ರಲ್ಲಿ ಇದರ ಎರಡು ಪಟ್ಟು ಮೇಲೂ ಇರ್ಬಹುದು, ಜೊತೆಗೆ ಆ ಲೆಕ್ಕ ಒಂದು ಕ್ಯಾಪ್ಸೂಲಿಗೋ ಎರಡಕ್ಕೋ ಅಂತಾನೂ ನೋಡಿ. ದಿನಕ್ಕೆಷ್ಟು ನುಂಗ್ತೀರೋ ಅದರಿಂದ ಗುಣಿಸಿ. ಸಪ್ಲಿಮೆಂಟಿಂದ ಎರಡೂ ಸೇರಿ ದಿನಕ್ಕೆ 5 ಗ್ರಾಂ (5000 ಎಂಜಿ) ದಾಟಬಾರದು ಅಂತ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುತ್ತೆ. ಹಂಗಂತ 5 ಗ್ರಾಂವರೆಗೆ ಆರಾಮಾಗಿ ತಗೋಬಹುದು ಅಂತ ಅಲ್ಲ, ದಿನಕ್ಕೆ 1 ಗ್ರಾಂ ಮೇಲೆ ಹೋದಾಗ್ಲೇ ಹಾರ್ಟ್ ಬೀಟ್ ಏರುಪೇರಾಗೋ ಏಟ್ರಿಯಲ್ ಫಿಬ್ರಿಲೇಷನ್ ಸ್ವಲ್ಪ ಜಾಸ್ತಿ ಅಂತ ದೊಡ್ಡ ಟ್ರಯಲ್‌ಗಳಲ್ಲಿ ಕಂಡಿದೆ. ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನೋ ಕೊಬ್ಬು ತುಂಬಾ ಇರೋರಿಗೆ ಡಾಕ್ಟ್ರೇ 4 ಗ್ರಾಂ ಬರೆದು ಕೊಡೋದುಂಟು, ಅದು ಬೇರೆ ವಿಷ್ಯ, ಅವರು ನೋಡ್ಕೋತಾ ಇರ್ತಾರೆ.

ಆಮೇಲೆ ಹೆಸರು ನೋಡಿ. ಕಾಡ್ ಲಿವರ್ ಆಯಿಲ್ ಅಂತಿದ್ರೆ ಅದು ಮೀನಿನ ಲಿವರ್ ಎಣ್ಣೆ, ಲೆಕ್ಕಾನೇ ಬೇರೆ. ನನ್ ಪ್ರಕಾರ ಜನ ಎಡವೋದು ಇಲ್ಲೇ. ಒಂದು ಟೀ ಸ್ಪೂನಲ್ಲಿ ವಿಟಮಿನ್ ಎ ಸುಮಾರು 4500 ಯೂನಿಟ್ ಇರುತ್ತೆ, ದೊಡ್ಡೋರಿಗೆ ದಿನದ ಮಿತಿ 10,000, ಮೇಲೆ ಮಲ್ಟಿವಿಟಮಿನ್ನೂ ನುಂಗಿದ್ರೆ ಲೆಕ್ಕ ಬೇಗ ತುಂಬುತ್ತೆ. ತುಂಬಾ ದಿನ ಮಿತಿ ದಾಟಿದ್ರೆ ತಲೆನೋವು, ಚರ್ಮ ಒಣಗೋದು, ಲಿವರಿಗೆ ಪೆಟ್ಟು. ಬಸುರಿಯರಂತೂ ಡಾಕ್ಟ್ರನ್ನ ಕೇಳ್ದೆ ಮುಟ್ಟಲೇಬಾರದು, ವಿಟಮಿನ್ ಎ ಅತಿಯಾದ್ರೆ ಮಗುಗೇ ತೊಂದ್ರೆ. ಅದರಲ್ಲಿ ವಿಟಮಿನ್ ಡಿ ಕೂಡ ಇದೆ, ವಾರಕ್ಕೊಂದು 60,000 ಯೂನಿಟ್ ಸ್ಯಾಶೆ ಕುಡಿಯೋರು ಅದನ್ನೂ ಸೇರಿಸ್ಕೊಳ್ಳಿ, ಡಿ ಅತಿಯಾದ್ರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಸುಸ್ತು, ಕಿಡ್ನಿ ಸ್ಟೋನ್ ಎಲ್ಲ ಬರಬಹುದು.

ಇನ್ನು ರಕ್ತ. ವಾರ್ಫರಿನ್, ಕ್ಲೊಪಿಡೊಗ್ರೆಲ್, ಆಸ್ಪಿರಿನ್ ತರದ ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಮೀನೆಣ್ಣೆ ಜಾಸ್ತಿ ಡೋಸಲ್ಲಿ ಸೇರಿಸಿದ್ರೆ ರಕ್ತ ಹೆಪ್ಪುಗಟ್ಟೋದು ನಿಧಾನ ಆಗ್ಬಹುದು. ಮಳೆಗಾಲದಲ್ಲಿ ತೋಟಕ್ಕೆ ಹೋದ್ರೆ ಜಿಗಣೆ ಬಿಡಲ್ಲ, ಅದರ ಜೊಲ್ಲಲ್ಲೇ ರಕ್ತ ಹೆಪ್ಪುಗಟ್ಟದಂಗೆ ಮಾಡೋ ಅಂಶ ಇದೆ, ಹಂಗಾಗಿ ಕಚ್ಚಿದ ಜಾಗ ಸ್ವಲ್ಪ ಹೊತ್ತು ಒಸರೋದು ಮಾಮೂಲು, ಆದ್ರೆ ಒತ್ತಿ ಹಿಡಿದ್ರೂ ನಿಲ್ಲದೇ ಇದ್ರೆ, ಸುಮ್ನೆ ಸುಮ್ನೆ ಮೈಮೇಲೆ ನೀಲಿ ಕಲೆ ಬಂದ್ರೆ, ಮಲ ಕಪ್ಪಗಾದ್ರೆ ತಡ ಮಾಡ್ಬೇಡಿ, ಆಸ್ಪತ್ರೆಗೆ ಹೋಗಿ.

ಮೀನು ವಾಸನೆ ತೇಗು, ಎದೆ ಉರಿ, ಲೂಸ್ ಮೋಷನ್ ಇಷ್ಟೇ ಆದ್ರೆ ಕಮ್ಮಿ ಮಾಡಿ ಊಟದ ಜೊತೆ ತಗೊಂಡು ನೋಡಿ. ಅದಕ್ಕೂ ಮುಂಚೆ ಒಂದು ಕ್ಯಾಪ್ಸೂಲ್ ಕತ್ತರಿಸಿ ಮೂಸಿ, ಹಳೇ ಎಣ್ಣೆ ಕಮಟು ಬಂದ್ರೆ ಇಡೀ ಡಬ್ಬ ಎಸೀರಿ, ದುಬಾರಿ ಅಂತ ಮುಗಿಸೋಕೆ ಹೋಗ್ಬೇಡಿ. ಒಲೆ ಪಕ್ಕ ಇಟ್ರೆ ಬೇಗ ಕೆಡುತ್ತೆ.

ಹಲ್ಲು ಕೀಳಿಸೋದು, ಆಪರೇಷನ್ ಏನೇ ಇದ್ರೂ ಮೀನೆಣ್ಣೆ ತಗೋತಿರೋದನ್ನ ಡಾಕ್ಟ್ರಿಗೆ ಮೊದ್ಲೇ ಹೇಳಿ. ವಿರಾಜಪೇಟೆಯಲ್ಲಿ ತೋರಿಸಿದ್ರೂ ಮೈಸೂರಿಗೆ ಹೋದ್ರೂ "ಏನೇನ್ ಮಾತ್ರೆ ತಗೋತೀರಾ" ಅಂದಾಗ ನಮ್ಮೋರು ಬಿಪಿ, ಶುಗರ್ ಮಾತ್ರ ಹೇಳ್ತಾರೆ, ಇದನ್ನ ಬಿಟ್ಬಿಡ್ತಾರೆ. ಡಬ್ಬಾನೇ ಬ್ಯಾಗಿಗೆ ಹಾಕ್ಕೊಂಡು ಹೋಗಿ ಟೇಬಲ್ ಮೇಲಿಡಿ, ಲೇಬಲ್ ಅವರೇ ಓದ್ಕೋತಾರೆ.