ಕೀಬೋರ್ಡ್, ಮೌಸ್ ಎರಡೂ ಒಟ್ಟಿಗೆ ನಿಂತರೆ ಏನು ಮಾಡಬೇಕು?

ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಗ್ರಾಮ ಒನ್ ಕೇಂದ್ರದಲ್ಲಿ ಜನ ಸಾಲಾಗಿ ನಿಂತಿರುತ್ತಾರೆ. ಆ ಹೊತ್ತಿಗೇ ಕೀ ಒತ್ತಿದರೆ ಅಕ್ಷರ ಬೀಳುವುದಿಲ್ಲ, ಮೌಸ್ ಎಳೆದರೆ ಬಾಣ ಅಲುಗುವುದಿಲ್ಲ. ಮಂಡ್ಯದ ಸೈಬರ್ ಸೆಂಟರಿನಲ್ಲಿ, ಬೆಲ್ಲದ ಮಂಡಿಯ ಬಿಲ್ಲಿಂಗ್ ಮೇಜಿನಲ್ಲಿ, ಮಕ್ಕಳು ಸಿಇಟಿ ಅರ್ಜಿ ತುಂಬುವ ಮನೆಯ ಕಂಪ್ಯೂಟರಿನಲ್ಲಿ, ಎಲ್ಲ ಕಡೆಯೂ ಇದು ಆಗುವಂಥದ್ದೇ.

ತಕ್ಷಣ ಕೈ ಹೋಗುವುದು ಪವರ್ ಬಟನ್ ಮೇಲೆ. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಒತ್ತಿ ಹಿಡಿದು ಆರಿಸಿದರೆ ಸೇವ್ ಮಾಡದ ಕೆಲಸವೆಲ್ಲ ಹೋಗುತ್ತದೆ. ಹೊಸ ಕೀಬೋರ್ಡ್ ತರಲು ಅಂಗಡಿಗೂ ಓಡಬೇಡಿ. ಎರಡು ವಸ್ತು ಒಂದೇ ಗಳಿಗೆಯಲ್ಲಿ ಕೆಡುವುದು ತೀರಾ ಅಪರೂಪ. ಎರಡೂ ಒಟ್ಟಿಗೆ ನಿಂತಿವೆ ಅಂದರೆ ತೊಂದರೆ ಎರಡಕ್ಕೂ ಸೇರಿದ ಜಾಗದಲ್ಲೇ ಇರಬೇಕು, ಅಲ್ವಾ? ಕಂಪ್ಯೂಟರೇ ಹ್ಯಾಂಗ್ ಆಗಿರಬಹುದು. ಯುಎಸ್‌ಬಿ ಪೋರ್ಟಿಗೆ ಕರೆಂಟ್ ಬರದಿರಬಹುದು. ವೈರ್ ಇಲ್ಲದ ಜೋಡಿಯಾದರೆ ಎರಡಕ್ಕೂ ಇರುವ ಒಂದೇ ರಿಸೀವರ್ (ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸುವ ಪುಟ್ಟ ತುಂಡು) ಸಡಿಲವಾಗಿರಬಹುದು.

ಮೊದಲು ಕ್ಯಾಪ್ಸ್ ಲಾಕ್ ದೀಪ ನೋಡಿ

ಕ್ಯಾಪ್ಸ್ ಲಾಕ್ ಕೀ ಒತ್ತಿ. ವೈರ್ ಇರುವ ಕೀಬೋರ್ಡಿನಲ್ಲಿ ಈ ದೀಪ ತಾನಾಗಿ ಹೊತ್ತುವುದಿಲ್ಲ. ಕೀ ಒತ್ತಿದ ಸುದ್ದಿ ಕಂಪ್ಯೂಟರಿಗೆ ಮುಟ್ಟಿ, ಅದು ತಿರುಗಿ ಹೇಳಿದ ಮೇಲೆಯೇ ಹೊತ್ತುತ್ತದೆ. ಆದ್ದರಿಂದ ದೀಪ ಹೊತ್ತಿ ಆರುತ್ತಿದ್ದರೆ ವೈರ್, ಪೋರ್ಟ್ ಸರಿಯಿವೆ ಎಂದೇ ತಿಳಿಯಿರಿ. ಸಿಕ್ಕಿಕೊಂಡಿರುವುದು ಪ್ರೋಗ್ರಾಂ ಅಥವಾ ಪರದೆ. ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ನಿಂತುಹೋದ ಪ್ರೋಗ್ರಾಂ ಒಂದನ್ನೇ ಮುಚ್ಚಿ. ಪರದೆಯೇ ಗಟ್ಟಿಯಾಗಿ ನಿಂತಂತೆ ಕಂಡರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಜೊತೆ ಬಿ ಒತ್ತಿ. ಪರದೆ ಒಮ್ಮೆ ಮಿನುಗಿ ಮತ್ತೆ ಬರುತ್ತದೆ, ತೆರೆದ ಫೈಲುಗಳಿಗೆ ಏನೂ ಆಗುವುದಿಲ್ಲ.

ದೀಪ ಬದಲಾಗದಿದ್ದರೆ ಪರದೆಯ ಮೂಲೆಯ ಗಡಿಯಾರ ನೋಡಿ. ನಿಮಿಷ ಮುಂದೆ ಹೋಗುತ್ತಿದ್ದರೆ ಕಂಪ್ಯೂಟರ್ ನಡೆಯುತ್ತಿದೆ, ಸಂಪರ್ಕ ತಪ್ಪಿದೆ. ಗಡಿಯಾರವೂ ನಿಂತಿದ್ದರೆ ಹ್ಯಾಂಗ್ ಆಗಿದೆ. ಸ್ವಲ್ಪ ಹೊತ್ತು ಕಾದು ನೋಡಿ. ಆಮೇಲೂ ಅಲುಗದಿದ್ದರೆ ಮಾತ್ರ ಪವರ್ ಬಟನ್ ಒತ್ತಿ ಹಿಡಿಯಿರಿ.

ಸಂಪರ್ಕ ತಪ್ಪಿದ್ದರೆ

ಪಿನ್ ತೆಗೆದು ಸಿಪಿಯು ಹಿಂಭಾಗದ ಯುಎಸ್‌ಬಿ ಪೋರ್ಟಿಗೆ ಹಾಕಿ. ಹಿಂದಿನ ಪೋರ್ಟುಗಳು ಒಳಗಿನ ಮುಖ್ಯ ಹಲಗೆಯಾದ ಮದರ್‌ಬೋರ್ಡಿನ ಮೇಲೇ ಇರುತ್ತವೆ. ಮುಂದಿನವು ಒಳಗೆ ಒಂದು ಸಣ್ಣ ಕೇಬಲ್ಲಿನಿಂದ ಜೋಡಿಸಿದಂಥವು, ಅದು ಸಡಿಲವಾಗುವುದು ಜಾಸ್ತಿ. ಮಧ್ಯೆ ಹಬ್ (ಒಂದು ಪೋರ್ಟನ್ನು ಹಲವಾಗಿಸುವ ಡಬ್ಬಿ) ಇದ್ದರೆ ತೆಗೆದುಬಿಡಿ. ಮೌಸ್ ತಿರುಗಿಸಿ ನೋಡಿ. ಕೆಂಪು ಬೆಳಕಿನ ಮೌಸ್ ಆಗಿದ್ದು ಬೆಳಕು ಕಾಣದಿದ್ದರೆ ಅದಕ್ಕೆ ಕರೆಂಟೇ ಬರುತ್ತಿಲ್ಲ. ಬೆಳಕಿದ್ದೂ ಬಾಣ ಕುಣಿಯುತ್ತಿದ್ದರೆ ಕೆಳಗೆ ಗಾಜಿನ ಮೇಜು ಇರಬಹುದು, ಒಂದು ಹಾಳೆ ಹಾಕಿ.

ಹಳೆಯ ಸರ್ಕಾರಿ ಕಂಪ್ಯೂಟರುಗಳಲ್ಲಿ ದುಂಡನೆಯ ಪೋರ್ಟ್ ಇನ್ನೂ ಇರುತ್ತದೆ. ನೇರಳೆ ಬಣ್ಣದ್ದು ಕೀಬೋರ್ಡಿಗೆ, ಹಸಿರು ಮೌಸ್‌ಗೆ. 1987ರಲ್ಲಿ ಐಬಿಎಂ ತಂದ ಜೋಡಣೆ ಇದು. ಕಂಪ್ಯೂಟರ್ ಓಡುತ್ತಿರುವಾಗ ಇದನ್ನು ಕಿತ್ತು ಹಾಕಬಾರದು. ಆರಿಸಿ, ಪಿನ್ ಬಾಗಿದೆಯೇ ನೋಡಿ, ಜೋಡಿಸಿ ಮತ್ತೆ ಆನ್ ಮಾಡಿ.

ವೈರ್ ಇಲ್ಲದ್ದಾದರೆ ಮೊದಲು ಸೆಲ್ ಬದಲಿಸಿ, ಸ್ವಿಚ್ ಆನ್ ಇದೆಯೇ ನೋಡಿ. ರಿಸೀವರನ್ನು ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿನಿಂದ ದೂರ ಇಡಿ. ಆ ಪೋರ್ಟಿಗೆ ಪೆನ್‌ಡ್ರೈವ್ ಅಥವಾ ಹಾರ್ಡ್ ಡಿಸ್ಕ್ ಹಾಕಿ ಕೆಲಸ ಮಾಡುವಾಗ ಹೊರಡುವ ರೇಡಿಯೋ ಗದ್ದಲ ಮೌಸ್‌ನ 2.4 ಗಿಗಾಹರ್ಟ್ಸ್ ಸಿಗ್ನಲ್ಲಿಗೆ ಅಡ್ಡಬರುತ್ತದೆ. ಫೈಲ್ ಕಾಪಿ ಮಾಡುವಾಗ ಮಾತ್ರ ಮೌಸ್ ತಡವರಿಸುತ್ತದೆ ಅನ್ನುವವರು ಇದನ್ನು ಮೊದಲು ನೋಡಬೇಕು.

ಕೀಬೋರ್ಡ್ ಸರಿಯಿದ್ದೂ ಅಕ್ಷರ ಬೀಳದಿದ್ದರೆ

ಬಲಗಡೆಯ ಶಿಫ್ಟ್ ಕೀಯನ್ನು 8 ಸೆಕೆಂಡ್ ಒತ್ತಿ ಹಿಡಿದರೆ ವಿಂಡೋಸ್‌ನಲ್ಲಿ ಫಿಲ್ಟರ್ ಕೀಸ್ ಎಂಬ ಸೌಲಭ್ಯ ಶುರುವಾಗುತ್ತದೆ. ಕೈ ನಡುಗುವವರಿಗಾಗಿ ಮಾಡಿದ್ದು ಅದು. ಬೇಗ ಒತ್ತಿ ಬಿಟ್ಟ ಕೀಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗೊತ್ತಿಲ್ಲದವರಿಗೆ ಕೀಬೋರ್ಡ್ ಸತ್ತೇಹೋಯಿತು ಅನಿಸುತ್ತದೆ. ಮತ್ತೆ ಅಷ್ಟೇ ಹೊತ್ತು ಒತ್ತಿ ಹಿಡಿದರೆ ನಿಲ್ಲುತ್ತದೆ. ಇಂಗ್ಲಿಷ್ ಒತ್ತಿದರೆ ಏನೇನೋ ಅಕ್ಷರ ಬರುತ್ತಿದ್ದರೆ ಕನ್ನಡ ಬರೆಯುವ ನುಡಿ ತಂತ್ರಾಂಶ ಚಾಲೂ ಇರಬಹುದು, ಸ್ಕ್ರೋಲ್ ಲಾಕ್ ಕೀ ಒತ್ತಿ ನೋಡಿ. ವಿಂಡೋಸ್‌ನದೇ ಕನ್ನಡ ಕೀಬೋರ್ಡ್ ಆದರೆ ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ.

ಒಂದು ಮಾತ್ರ ಕೆಟ್ಟಿದ್ದರೆ ಇನ್ನೊಂದರಿಂದ ಕೆಲಸ ಉಳಿಸಿಕೊಳ್ಳಬಹುದು. ಮೌಸ್ ಇಲ್ಲದಿದ್ದರೆ ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್, ನಮ್ ಲಾಕ್ ಒಟ್ಟಿಗೆ ಒತ್ತಿ, ಕೇಳಿದಾಗ ಎಂಟರ್ ಕೊಡಿ. ಆಮೇಲೆ ಬಲಗಡೆಯ ಅಂಕಿ ಕೀಗಳೇ ಬಾಣವನ್ನು ನಡೆಸುತ್ತವೆ, 5 ಒತ್ತಿದರೆ ಕ್ಲಿಕ್. ಕೀಬೋರ್ಡ್ ಇಲ್ಲದಿದ್ದರೆ ಲಾಗಿನ್ ಪರದೆಯ ಮೂಲೆಯಲ್ಲಿರುವ ಆಕ್ಸೆಸಿಬಿಲಿಟಿ ಚಿಹ್ನೆಯಲ್ಲಿ ಆನ್-ಸ್ಕ್ರೀನ್ ಕೀಬೋರ್ಡ್ ಸಿಗುತ್ತದೆ.

ಇಷ್ಟಾದರೂ ಆಗದಿದ್ದರೆ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಆನ್ ಮಾಡುವುದು ಇದಕ್ಕೆ ಸಾಟಿಯಲ್ಲ. ಬೇಗ ಆನ್ ಆಗಲೆಂದು ಮಾಡಿದ ಫಾಸ್ಟ್ ಸ್ಟಾರ್ಟಪ್ ಇರುವ ಕಂಪ್ಯೂಟರಿನಲ್ಲಿ ಶಟ್‌ಡೌನ್ ಆದಾಗ ವಿಂಡೋಸ್‌ನ ಒಂದು ಭಾಗ ಡಿಸ್ಕಿನಲ್ಲಿ ಹಾಗೇ ಉಳಿದು, ಹಳೇ ತೊಂದರೆಯೂ ಅದರ ಜೊತೆ ವಾಪಸ್ ಬರಬಹುದು. ಆನ್ ಆಗುವಾಗ ಎಫ್2 ಅಥವಾ ಡಿಲೀಟ್ ಒತ್ತಿ, ವಿಂಡೋಸ್ ಶುರುವಾಗುವ ಮೊದಲಿನ ಬಯಾಸ್ ಪರದೆಗೆ ಹೋಗಲು ನೋಡಿ. ಅಲ್ಲಿ ಕೀಬೋರ್ಡ್ ಕೆಲಸ ಮಾಡಿದರೆ ದೋಷ ಡ್ರೈವರಿನಲ್ಲಿ, ಅಂದರೆ ಕೀಬೋರ್ಡನ್ನು ವಿಂಡೋಸ್‌ಗೆ ಪರಿಚಯಿಸುವ ತಂತ್ರಾಂಶದಲ್ಲಿ, ಇರಬಹುದು. ಆಗ ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ (ಜೋಡಿಸಿದ ವಸ್ತುಗಳ ಪಟ್ಟಿ) ಆ ಡ್ರೈವರನ್ನು ತೆಗೆದು ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಹೊಸದಾಗಿ ಹಾಕಿಕೊಳ್ಳುತ್ತದೆ. ಕೀಬೋರ್ಡ್, ಮೌಸ್ ಎರಡರ ಡ್ರೈವರನ್ನೂ ಒಟ್ಟಿಗೆ ತೆಗೆಯಬೇಡಿ.

ಅಪ್‌ಡೇಟಿನಿಂದಲೂ ಹೀಗಾಗಬಹುದು. 2025ರ ಅಕ್ಟೋಬರ್ 14ರಂದು ಬಂದ ವಿಂಡೋಸ್ 11 ಅಪ್‌ಡೇಟ್ ಹಾಕಿದ ಮೇಲೆ ಕೆಟ್ಟ ವಿಂಡೋಸನ್ನು ಸರಿಪಡಿಸುವ ರಿಕವರಿ ಪರದೆಯಲ್ಲಿ ಯುಎಸ್‌ಬಿ ಕೀಬೋರ್ಡ್, ಮೌಸ್ ಎರಡೂ ಕೆಲಸ ಮಾಡುತ್ತಿರಲಿಲ್ಲ. ಮೈಕ್ರೋಸಾಫ್ಟ್ ಅಕ್ಟೋಬರ್ 20ರಂದು ಬೇರೆ ಅಪ್‌ಡೇಟ್ ಕೊಟ್ಟು ಸರಿಪಡಿಸಿತು.

ಬೆಲ್ಲದ ಮಂಡಿಯವರಿಗೆ, ಕಾಫಿ ಲೋಟವನ್ನು ಮೇಜಿನ ಮೇಲೇ ಇಡುವವರಿಗೆ ಇನ್ನೊಂದು ಮಾತು. ಸಿಹಿ ಪುಡಿ ಬಿದ್ದ ಕಡೆ ಇರುವೆ ಬರುತ್ತದೆ, ಕೀಗಳು ಅಂಟಿಕೊಳ್ಳುತ್ತವೆ. ಪಿನ್ ತೆಗೆದು ಕೀಬೋರ್ಡನ್ನು ಬೋರಲು ಹಿಡಿದು ಮೆಲ್ಲಗೆ ತಟ್ಟಿ, ಮೆತ್ತನೆಯ ಬ್ರಷ್ ಆಡಿಸಿ. ಕಾಫಿ ಚೆಲ್ಲಿದರೆ ತಕ್ಷಣ ಪಿನ್ ಕಿತ್ತು ಬೋರಲು ಹಾಕಿ, ಫ್ಯಾನ್ ಗಾಳಿಯಲ್ಲಿ ಪೂರ್ತಿ ಒಣಗಿಸಿ. ಚೆಲ್ಲಿದ್ದು ಲ್ಯಾಪ್‌ಟಾಪಿನ ಮೇಲಾದರೆ ಕೂಡಲೇ ಆರಿಸಿ, ಚಾರ್ಜರ್ ತೆಗೆದು, ಆನ್ ಮಾಡಿ ನೋಡದೆ ಹಾಗೇ ರಿಪೇರಿಯವರ ಬಳಿ ಒಯ್ಯಿರಿ.