ಜುಮ್ಮನಕಾಯಿ: ಬೀಜ ಬಿಟ್ಟು ಸಿಪ್ಪೆ ಇಟ್ಟುಕೊಳ್ಳಿ

ಜುಮ್ಮನಕಾಯಿ ಹಾಕಿದ ಪದಾರ್ಥ ಕಹಿಯಾಯಿತು ಎಂದರೆ ಬೀಜ ತೆಗೆದಿಲ್ಲ ಎಂದೇ ಲೆಕ್ಕ. ಕೊಂಕಣಿಗರು ತೆಫಳ ಎನ್ನುವ ಈ ಕಾಯಿಯ ಘಮವೂ ನಾಲಗೆ ಜುಮ್ಮೆನ್ನಿಸುವ ಗುಣವೂ ಇರುವುದು ಹೊರಸಿಪ್ಪೆಯಲ್ಲಿ. ಒಳಗಿನ ಕರಿ ಬೀಜ ಹೊಳೆಯುತ್ತದೆ ಅಷ್ಟೇ, ಅಡುಗೆಗೆ ಬಾರದು. ಕಾಳುಮೆಣಸಿನ ಬಳ್ಳಿಗೂ ಇದಕ್ಕೂ ನಂಟಿಲ್ಲ; ಇದು ನಿಂಬೆ ಕುಟುಂಬದ ಕಾಡುಮರ. ಹಸಿಕಾಯಿಯನ್ನು ಉಗುರಲ್ಲಿ ಗೀರಿ ಮೂಸಿದರೆ ಗೊತ್ತಾಗುತ್ತದೆ. ಹಿಮಾಲಯದ ತಿಮೂರು, ಚೀನಾದ ಸಿಚುವಾನ್ ಮೆಣಸು ಇದರ ದಾಯಾದಿಗಳು.

ಕಾಂಡದ ತುಂಬ ಮುಳ್ಳು, ಹತ್ತುವ ಹಾಗಿಲ್ಲ. ಮಳೆಗಾಲ ಮುಗಿಯುತ್ತ ಬಂದು, ಗೊಂಚಲಲ್ಲಿ ಒಂದೆರಡು ಕಾಯಿ ಬಾಯಿಬಿಟ್ಟಾಗ ದೋಟಿಯಲ್ಲಿ ಎಳೆದು ಕೊಯ್ಯುತ್ತೇನೆ. ಗಂಡು ಹೆಣ್ಣು ಮರಗಳು ಬೇರೆ ಬೇರೆ. ಗಂಡುಮರಕ್ಕೆ ಎಷ್ಟು ವರ್ಷ ಕಾದರೂ ಕಾಯಿಲ್ಲ.

ಒಣಗಿಸುವಾಗಲೇ ಹೆಚ್ಚು ಹಾಳಾಗುವುದು. ಉಡುಪಿಯ ಕಡೆ ಆಗ ಮಧ್ಯಾಹ್ನ ಬಿಸಿಲು, ಸಂಜೆ ಗುಡುಗು ಮಳೆ. ರಾಶಿ ಹಾಕಿದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಗೆರಸೆಯಲ್ಲಿ ಒಂದೇ ಪದರ ಹರಡಿ, ಸಂಜೆ ನಾಲ್ಕಕ್ಕೆ ಒಳಗೆ ತರುತ್ತೇನೆ. ಸಿಪ್ಪೆ ಪೂರ್ತಿ ಬಿರಿದ ಮೇಲೆ ಅಂಗೈಯಲ್ಲಿ ಮೆಲ್ಲಗೆ ಉಜ್ಜಿದರೆ ಬೀಜ ಉದುರುತ್ತದೆ. ಸಿಪ್ಪೆಗೆ ಅಂಟಿಕೊಂಡ ಬೀಜ, ತೊಟ್ಟುಗಳನ್ನು ಕೈಯಲ್ಲೇ ಆರಿಸಬೇಕು. ಬೇಸರದ ಕೆಲಸ, ಬೇರೆ ದಾರಿಯಿಲ್ಲ. ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಇಟ್ಟರೆ ಮುಂದಿನ ಕೊಯ್ಲಿನವರೆಗೆ ಬರುತ್ತದೆ.

ಆರು ಬಂಗುಡೆಗೆ ಎಂಟು ಹತ್ತು ಸಿಪ್ಪೆ ಸಾಕು. ಅರ್ಧ ತೆಂಗಿನಕಾಯಿ, ಹನ್ನೆರಡು ಹುರಿದ ಬ್ಯಾಡಗಿ ಮೆಣಸು, ಸಣ್ಣ ನಿಂಬೆ ಗಾತ್ರದ ಹುಣಸೆ ನುಣ್ಣಗೆ ಅರೆಯಿರಿ. ಜುಮ್ಮನಕಾಯಿಯನ್ನು ಇದರ ಜತೆ ಅರೆಯಬಾರದು. ಅರೆದರೆ ಒಗರು ಮೇಲೇಳುತ್ತದೆ. ಬೇರೆಯಾಗಿ ಜಜ್ಜಿ, ಕಾಲು ಲೋಟ ನೀರಲ್ಲಿ ಹತ್ತು ನಿಮಿಷ ನೆನೆಸಿ, ಮೀನು ಬೆಂದ ಮೇಲೆ ನೀರಿನ ಸಮೇತ ಹಾಕಿ ಒಂದು ಕುದಿ ಬಂದ ಕೂಡಲೇ ಇಳಿಸಿ. ಒಗ್ಗರಣೆ ಬೇಡ, ಮೇಲೊಂದು ಚಮಚ ಹಸಿ ತೆಂಗಿನೆಣ್ಣೆ. ಬೆಳ್ಳುಳ್ಳಿ ಹಾಕಿದರೆ ಈ ಘಮ ಮುಚ್ಚಿಹೋಗುತ್ತದೆ. ಮೀನು ತಿನ್ನದವರು ಅಳಂಬೆಗೆ ಹೀಗೇ ಮಾಡಬಹುದು.

ಹಲ್ಲುನೋವಿಗೆ ಒಂದು ಸಿಪ್ಪೆ ಕಚ್ಚಿಕೊಳ್ಳುವುದು ಹಳೆಯ ಮದ್ದು. ಸ್ವಲ್ಪ ಹೊತ್ತು ಜೋಮು ಹಿಡಿಯುತ್ತದೆ, ಹುಳುಕು ಹಾಗೇ ಉಳಿಯುತ್ತದೆ.

ಹಸಿ ಗೊಂಚಲನ್ನು ಉಪ್ಪುನೀರಲ್ಲೂ ಇಡಬಹುದು. ನಾಲ್ಕು ಲೋಟ ನೀರಿಗೆ ಒಂದು ಲೋಟ ಕಲ್ಲುಪ್ಪು ಹಾಕಿ ಕುದಿಸಿ, ಪೂರ್ತಿ ತಣಿದ ಮೇಲೆ ಹೊಯ್ಯಿರಿ. ಕಾಯಿ ಮೇಲೆ ತೇಲಿದರೆ ಕೊಳೆಯುತ್ತದೆ, ಭಾರ ಇಡಿ.