ಹಂಚಿನ ಮಾಡು, ದೋಣಿ, ಮಳೆಗಾಲ: ನಮ್ಮನೆ ಸೋರೋದು ನಿಲ್ಲಿಸಿದ ಬಗೆ

ಹಂಚಿನ ಮಾಡು ಸೋರ್ತದೆ ಅಂದಕೂಡ್ಲೆ ಎಲ್ರೂ ಹುಡುಕೋದು ಒಡೆದ ಹಂಚು. ಶಿರಸಿ ಕಡೆ ಮಂಗನ ಕಾಟ ಇರೋದ್ರಿಂದ ಅದೂ ಇರ್ತದೆ ಬಿಡಿ, ಆದ್ರೆ ನಮ್ಮನೆ ಅಡುಗೆಮನೆ ಗೋಡೆ ಆಷಾಢದಲ್ಲಿ ನೆನೀತಾ ಇದ್ದದ್ದು ಒಡೆದ ಹಂಚಿಂದ ಅಲ್ಲ, ದೊಡ್ಡ ಮಾಡು ಮತ್ತೆ ಅಡುಗೆಮನೆ ಮಾಡು ಬಂದು ಕೂಡೋ ಮೂಲೆಯಲ್ಲಿ ನೀರು ಹರಿದುಹೋಗೋಕೆ ಹಾಕಿದ್ದ ತಗಡಿನ ದೋಣಿಯಿಂದ. ಹಂಚು ಕೈಯಾಡಿಸೋಕೆ ಬಂದವರು ಮೇಲೆ ಹತ್ತಿ ಒಂದ್ಸಲ ನೋಡಿ ಹೇಳಿದ್ದು ಇಷ್ಟೇ, "ಭಟ್ರೆ, ಹಂಚೆಲ್ಲ ಸರಿ ಅದೆ, ನೀರು ಕೆಳಗೆ ಹೋಗೂಕೆ ದಾರಿ ಇಲ್ದೆ ವಾಪಸ್ ಬರ್ತದೆ."

ಇದು ತಲೇಲಿ ಕೂತ್ರೆ ಉಳಿದಿದ್ದೆಲ್ಲ ಅರ್ಥ ಆಗ್ತದೆ. ಮಂಗಳೂರು ಹಂಚು ಇರೋದು ಹರಿಯೋ ನೀರಿಗೆ, ನಿಂತ ನೀರಿಗಲ್ಲ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಲ್ಲಿ ಕಾರ್ಖಾನೆ ಹಾಕಿದಾಗಿಂದ ಇವತ್ತಿನವರೆಗೂ ಅದರ ಲೆಕ್ಕ ಒಂದೇ, ಮೇಲಿನ ಹಂಚು ಕೆಳಗಿನದ್ರ ಮೇಲೆ ಸ್ವಲ್ಪ ಕೂತಿರ್ತದೆ, ಬದಿಯ ಗಾಡಿಗಳು, ಅಂದ್ರೆ ಅಂಚಿನ ತೋಡುಗಳು, ಒಂದಕ್ಕೊಂದು ಸಿಕ್ಕಿಕೊಂಡಿರ್ತವೆ, ನೀರು ಇಳೀತಾ ಇರೋವರೆಗೆ ಒಂದು ಹನಿ ಒಳಗೆ ಬರಲ್ಲ. ಎಲ್ಲಾದ್ರೂ ಅಡ್ಡ ಆಗಿ ನೀರು ನಿಂತ್ತು ಅಂದ್ರೆ ಆ ಸಂದಿನಿಂದಲೇ ಮೇಲ್ಮುಖವಾಗಿ ನುಗ್ಗಿ ಹಂಚಿನ ಅಡಿಯ ರೀಪು ಪಟ್ಟಿ ಹಿಡಿದು, ಅದನ್ನ ಹೊತ್ತ ಪಕಾಸಿನ ಮರ ಹಿಡಿದು ಗೋಡೆಗೆ ಇಳೀತದೆ.

ಮಿನೆಸೋಟಾದಲ್ಲಿರೋ ನಮ್ಮ ಅಕ್ಕನ ಮಗನ ಹತ್ರ ಫೋನಲ್ಲಿ ಇದನ್ನ ಹೇಳ್ತಾ ಇದ್ದೆ, ಅವನು "ಮಾವಾ, ನಮ್ಮನೇಲೂ ಇದೇ ಆಗಿತ್ತು, ನಮ್ದು ಐಸ್" ಅಂದ. ಅಲ್ಲಿ ಚಳಿಗಾಲದಲ್ಲಿ ಮಾಡಿನ ಮೇಲೆ ಹಿಮ ಕೂತಿರ್ತದೆ, ಮನೆಯೊಳಗಿನ ಹೀಟರಿನ ಬಿಸಿ ಅಟ್ಟಕ್ಕೆ ಹತ್ತಿ ಮೇಲಿನ ಹಿಮ ಕರಗ್ತದೆ, ಆ ನೀರು ಇಳಿದು ಸೂರಿನ ತುದಿಗೆ ಬಂದ್ರೆ ಅಲ್ಲಿ ಅಡಿಗೆ ಬಿಸಿ ಇಲ್ಲ, ಮತ್ತೆ ಹೆಪ್ಪುಗಟ್ಟಿ ಒಡ್ಡು ಕಟ್ಟಿಕೊಳ್ತದೆ, ಅದರ ಹಿಂದೆ ನಿಂತ ನೀರು ಶಿಂಗಲ್, ಅಂದ್ರೆ ಅಲ್ಲಿ ಮಾಡಿಗೆ ಹೊದಿಸೋ ಹಲಗೆಯಂಥ ಬಿಲ್ಲೆಗಳ, ಅಡಿಗೆ ನುಗ್ತದೆ. ಐಸ್ ಒಡೀತಾ ಕೂರೋದಲ್ಲ ಪರಿಹಾರ ಅಂತ ಅವನು ಅಟ್ಟಕ್ಕೆ ಬಿಸಿ ಹೋಗೋ ಸಂದುಗಳನ್ನೆಲ್ಲ ಮುಚ್ಚಿಸಿ, ಇನ್ಸುಲೇಶನ್ ದಪ್ಪ ಮಾಡಿಸಿ, ಸೂರಿಂದ ನೆತ್ತಿವರೆಗೆ ಹೊರಗಿನ ತಣ್ಣನೆ ಗಾಳಿ ಆಡೋ ಹಾಗೆ ಮಾಡ್ಸಿದ್ನಂತೆ. ಜಾಸ್ತಿ ಹಿಮ ಬಿದ್ದಾಗ ನೆಲದ ಮೇಲೇ ನಿಂತು ಉದ್ದ ಕೋಲಿನ ಕುಂಟೆಯಲ್ಲಿ ಸೂರಿನ ಕಡೆ ಹಿಮ ಎಳೆದು ಹಾಕ್ತಾನೆ. ನಮ್ಮಲ್ಲಿ ಇಬ್ಬನಿ ಬಿಟ್ರೆ ಏನೂ ಬೀಳಲ್ಲ, ಆದ್ರೆ ಒಡ್ಡು ಕಟ್ಟೋ ಕೆಲಸವನ್ನ ದರಕು, ಅಂದ್ರೆ ಉದುರಿದ ಒಣ ಎಲೆ, ಮಾಡ್ತದೆ. ಹಲಸಿನ ಎಲೆ, ಮಾವಿನ ಎಲೆ, ಮೇಲಿಂದ ಹಾವಸೆ (ಪಾಚಿ), ಹಂಚಿನ ಪುಡಿ, ಎಲ್ಲ ಸೇರಿ ದೋಣಿಯ ಕೆಳತುದೀಲಿ ಕೂತ್ಕೊಂಡ್ರೆ ಮಣ್ಣೇ.

ನೀರು ಎಷ್ಟು ಅಂತ ಒಂದ್ಸಲ ಲೆಕ್ಕ ಹಾಕಿ ನೋಡಿ. 1000 ಚದರಡಿ ಮಾಡಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ರೆ 9000 ಲೀಟರಿಗೂ ಜಾಸ್ತಿ ಆಗ್ತದೆ, ನಮ್ಮ ಕಡೆ ಆರಿದ್ರಾ ಪುನರ್ವಸುವಿನಲ್ಲಿ ಒಂದೇ ದಿನಕ್ಕೆ ಅಷ್ಟು ಹೊಯ್ಯೋದು ಹೊಸತೇನಲ್ಲ. ಎರಡು ಮಾಡಿನ ನೀರು ಒಂದು ಸಣ್ಣ ದೋಣಿಗೆ ಬರಬೇಕು ಅಂದ್ರೆ ಅದಕ್ಕೆ ಜಾಗ ಬೇಕಲ್ಲ.

ಕೆಲಸ ಯುಗಾದಿ ಕಳೆದ ಮೇಲೆ ಮಾಡ್ಸಿದ್ದು. ಅದಕ್ಕಿಂತ ಮೊದಲು ಮಾಡಿದ್ರೆ ಎಲೆ ಉದುರೋದು ಮುಗ್ದಿರಲ್ಲ, ಮಿರ್ಗ (ಮೃಗಶಿರಾ ಮಳೆ) ಹತ್ರ ಬಂದ್ರೆ ಹಂಚಿನ ಕೆಲಸದವರು ಯಾರೂ ಸಿಗಲ್ಲ. ಮೊದ್ಲು ಮಾಡಿನ ಮೇಲೆ ಚಾಚಿದ್ದ ಹಲಸಿನ ಟೊಂಗೆ ಕಡ್ಸಿದೆ, ಅಮ್ಮಂಗೆ ಬೇಜಾರಾಯ್ತು, ಆದ್ರೆ ಅದೇ ಟೊಂಗೆ ಮೇಲಿಂದಲೇ ಮಂಗಗಳೂ ಇಳೀತಾ ಇದ್ವು. ಆಮೇಲೆ ದೋಣಿಯ ಎರಡೂ ಕಡೆ ಹಂಚು ತೆಗೆದು ಹಳೇ ತಗಡು ಕಿತ್ತು, ಅಗಲದ ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡು ಹಾಕ್ಸಿದೆ. ಇಲ್ಲಿ ಮೂರು ವಿಷಯಕ್ಕೆ ನಾನು ಹಠ ಹಿಡಿದಿದ್ದೆ. ತಗಡಿನ ಎರಡೂ ಅಂಚು ಮೇಲಕ್ಕೆ ಮಡಚಿರಬೇಕು, ಇಲ್ದಿದ್ರೆ ದೊಡ್ಡ ಮಾಡಿಂದ ರಭಸದಲ್ಲಿ ಬಂದ ನೀರು ದೋಣಿ ದಾಟಿ ಆಚೆ ಹಂಚಿನ ಅಡಿಗೆ ಹೋಗ್ತದೆ. ತಗಡು ಜೋಡಿಸೋ ಕಡೆ ಮೇಲಿನದ್ದು ಕೆಳಗಿನದ್ರ ಮೇಲೆ ಅರ್ಧ ಅಡಿಯಾದ್ರೂ ಕೂರಬೇಕು, ಮತ್ತೆ ನಡುವಿಗೆ ಮೊಳೆ ಹೊಡೀಲೇಬಾರದು, ಮೊಳೆ ಏನಿದ್ರೂ ಮಡಚಿದ ಅಂಚಿನ ಆಚೆ. ಇನ್ನು ಎರಡೂ ಕಡೆ ಹಂಚಿನ ತುದಿ ನಡುವೆ ಅಂಗೈ ಆರಾಮಾಗಿ ಹೋಗಿ ಬರೋವಷ್ಟು ಜಾಗ ಬಿಟ್ಟಿರಬೇಕು. ಚಂದ ಕಾಣ್ತದೆ ಅಂತ ಹಂಚು ಹತ್ರ ಹತ್ರ ತಂದ್ರೆ ಎಲೆ ಸಿಕ್ಕಿ ಹಾಕ್ಕೊಳ್ಳೋದು ಅಲ್ಲೇ. ಸಂದಿಗೆ ಸಿಮೆಂಟ್ ಮೆತ್ತಿ ಅಂತ ಕೆಲವರು ಹೇಳ್ತಾರೆ, ನಾನು ಬೇಡ ಅಂದೆ, ಬಿಸಿಲಿಗೆ ತಗಡು ಹಿಗ್ಗಿ ಕುಗ್ಗಿ ಮಾಡೋವಾಗ ಸಿಮೆಂಟ್ ಬಿರುಕು ಬಿಡ್ತದೆ, ಆ ಬಿರುಕು ನೀರು ಎಳ್ಕೊಳ್ತದೆ.

ದೋಣಿಯ ಬಾಯಿಗೆ ಜಾಳಿಗೆ ಹಾಕ್ಬೇಕಾ ಅಂತ ತುಂಬಾ ಜನ ಕೇಳ್ತಾರೆ. ನನ್ನ ಅಭಿಪ್ರಾಯದಲ್ಲಿ ಬೇಡ. ದೊಡ್ಡ ಎಲೆ ಜಾಳಿಗೆ ಮೇಲೆ ಅಂಟ್ಕೊಂಡು ಕೂತ್ರೆ ಮೇಲಿಂದ ಬರೋ ಸಣ್ಣ ಕಸವೆಲ್ಲ ಅಲ್ಲೇ ನಿಲ್ತದೆ, ಕೆಳಗೆ ಹೋಗ್ಬೇಕಾದ್ದು ಕೆಳಗೆ ಹೋಗಿಬಿಡ್ಲಿ. ನೀರನ್ನ ಟಾಂಕಿಗೆ ಬಿಡೋರಾದ್ರೆ ಜಾಳಿಗೆ ಕೆಳಗೆ, ಕೈಗೆ ಸಿಗೋ ಕಡೆ ಹಾಕ್ಕೊಳ್ಳಿ.

ಎದುರಿನ ಸೂರಿಗೆ ಹಿಂದೆಲ್ಲ ನಮ್ಮಲ್ಲಿ ಅಡಿಕೆ ಮರ ಸೀಳಿ, ಒಳಗಿನ ತಿರುಳು ತೆಗೆದು ದೋಣಿ ಕಟ್ತಿದ್ರು. ಈಗ ನಾನು ಹಾಕಿದ್ದು 6 ಇಂಚಿನ ಪಿವಿಸಿ ಪೈಪ್ ಉದ್ದಕ್ಕೆ ಸೀಳಿ ಮಾಡಿದ್ದು. ಕ್ಲಾಂಪು ಹತ್ರ ಹತ್ರ ಇರ್ಬೇಕು, ತುಂಬಿದ ನೀರಿನ ಭಾರಕ್ಕೆ ನಡುವೆ ಜೋತು ಬಿದ್ರೆ ಅಲ್ಲೊಂದು ಹೊಂಡ ಆಗಿ ಕಸ ಕೂರ್ತದೆ. ಇಳಿಜಾರು ಕಣ್ಣಂದಾಜಲ್ಲಿ ಬೇಡ, ದಾರ ಕಟ್ಟಿ ನೋಡಿ. ಎಲ್ಲಕ್ಕಿಂತ ಮುಖ್ಯ, ದೋಣಿಯ ಹೊರ ಅಂಚು ಗೋಡೆ ಕಡೆ ಅಂಚಿಗಿಂತ ಸ್ವಲ್ಪ ತಗ್ಗಿರಬೇಕು. ಹೊಯ್ದು ತುಂಬಿ ಉಕ್ಕಿದ್ರೂ ಅಂಗಳಕ್ಕೆ ಉಕ್ತದೆ, ಗೋಡೆಗಲ್ಲ.

ಕೆಲಸ ಮುಗಿದ ದಿನವೇ ತೋಟದ ಪೈಪ್ ತಂದು ನೀರು ಬಿಟ್ಟು ನೋಡಿದ್ವಿ. ಕೆಳಗಿಂದ ಶುರು ಮಾಡಿ ನಿಧಾನ ಮೇಲೆ ಹೋಗ್ಬೇಕು, ಒಬ್ರು ಅಟ್ಟದಲ್ಲಿ ಬ್ಯಾಟರಿ ಹಿಡ್ಕೊಂಡು ಕೂತಿರ್ಬೇಕು. ಮೇಲಿಂದ ಶುರು ಮಾಡಿದ್ರೆ ನೀರು ಎಲ್ಲಿಂದ ಬಂತು ಅನ್ನೋದೇ ಗೊತ್ತಾಗಲ್ಲ, ಯಾಕಂದ್ರೆ ಹನಿ ಬೀಳೋ ಜಾಗ ಒಂದು, ನೀರು ಹೊಕ್ಕಿದ ಜಾಗ ಅದಕ್ಕಿಂತ ಎಷ್ಟೋ ಮೇಲೆ ಇರ್ತದೆ.

ಮಳೆಗಾಲ ಶುರುವಾದ ಮೇಲೆ ಹೊಳವಾದಾಗೆಲ್ಲ, ಅಂದ್ರೆ ಮಳೆ ಬಿಟ್ಟಾಗೆಲ್ಲ, ದೋಣಿ ನೋಡ್ತೇನೆ. ಹಾವಸೆ ಕಟ್ಟಿದ ಒದ್ದೆ ಹಂಚಿನ ಮೇಲೆ ಮಾತ್ರ ಹತ್ತಲ್ಲ, ದಯವಿಟ್ಟು ನೀವೂ ಹತ್ಬೇಡಿ, ಜಾರಿ ಬಿದ್ದು ಸೊಂಟ ಮುರ್ಕೊಂಡವರನ್ನ ನಾವೆಲ್ಲ ನೋಡಿದ್ದೇವೆ. ಅಡಿಕೆ ಕೊಯ್ಯೋ ಉದ್ದ ದೋಟಿಯ ತುದಿಗೆ ಸಣ್ಣ ಕುಂಟೆ ಕಟ್ಟಿ ನೆಲದಿಂದಲೇ ಎಳೀತೇನೆ, ಮಿನೆಸೋಟಾದಲ್ಲಿ ನಮ್ಮ ಹುಡುಗ ಮಾಡೋದೂ ಅದನ್ನೇ.

ಕಾರವಾರ, ಅಂಕೋಲೆ, ಕುಮಟೆ ಕಡೆಯವರು ಜಿಐ ತಗಡು ಹಾಕೋ ಮೊದ್ಲು ಯೋಚನೆ ಮಾಡಿ. ಸಮುದ್ರದ ಉಪ್ಪು ಗಾಳಿಗೆ ಅದು ಘಟ್ಟದ ಮೇಲಿಗಿಂತ ಬೇಗ ತುಕ್ಕು ಹಿಡೀತದೆ, ಮೊದಲು ಹೋಗೋದು ಮೊಳೆ ಹೊಡೆದ ಜಾಗ. ಅಂಕೋಲೆಯಲ್ಲಿ ನಮ್ಮ ಭಾವ ಈಗ ಅಲ್ಯೂಮಿನಿಯಂ ದೋಣಿ ಮಾಡ್ಸಿದಾರೆ, ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿಂದು, ಅಡಿಗೆ ರಬ್ಬರ್ ವಾಷರ್. ಪಡುವಣ ಗಾಳಿ ಮಳೆಯನ್ನ ಅಡ್ಡಡ್ಡ ತರೋದ್ರಿಂದ ಪಡು ಬದಿಗೆ ಮಡ್ಲಿನ (ತೆಂಗಿನ ಗರಿಯ) ತಟ್ಟಿ ಕಟ್ಟೋದನ್ನೂ ಅವರು ಬಿಟ್ಟಿಲ್ಲ.

ಇನ್ನೊಂದು, ಕೆಲಸಕ್ಕೆ ಮುಂಚೆ ಹೆಚ್ಚಿಗೆ ಹಂಚು ತಂದಿಟ್ಕೊಳ್ಳಿ. ಬೇರೆ ಬೇರೆ ಕಾರ್ಖಾನೆ ಹಂಚಿನ ಅಳತೆ ಸ್ವಲ್ಪ ಸ್ವಲ್ಪ ಬೇರೆ, ಗಾಡಿ ಒಂದಕ್ಕೊಂದು ಕೂರಲ್ಲ, ಹೊಸ ಹಂಚು ನಡುವೆ ಎದ್ದು ನಿಂತ್ರೆ ಅಲ್ಲೇ ಹೊಸ ಸೋರಿಕೆ. ಹಳೇ ಮನೆ ಕಿತ್ತ ಹಂಚು ಮಾರೋರ ಹತ್ರ ಹೋಗೋವಾಗ ನಿಮ್ಮನೆದೊಂದು ಹಂಚು ಕೈಯಲ್ಲೇ ತಗೊಂಡು ಹೋಗಿ, ಅಡಿಗಿರೋ ಮುದ್ರೆ ನೋಡಿ, ಅಲ್ಲೇ ಜೋಡ್ಸಿ ನೋಡಿಯೇ ತನ್ನಿ.